ವೇಗಸ್ಸಿಗೆ ಹೋಗಬೇಕೆ? ಒಂದು ಮಂಗಳವಾರದಿಂದ ಶುಕ್ರವಾರದವರೆಗೆ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ಈ ಮಾತು ಒಮ್ಮೆ ಬಂದೇ ಬರುತ್ತದೆ: ಲಾಸ್ ವೇಗಸ್ ತೋರಿಸುವುದೋ ಬೇಡವೋ? "ಇಷ್ಟು ದೂರ ಬಂದು ಅದನ್ನ ನೋಡದೇ ವಾಪಸ್ ಹೋಗೋದಾ" ಅನ್ನುವವರು ಒಂದು ಕಡೆ. "ಜೂಜಿನ ಊರಿಗೆ ಹಿರಿಯರನ್ನ ಕರ್ಕೊಂಡು ಹೋಗಿ ಏನು ತೋರಿಸ್ತೀರಿ" ಅನ್ನುವವರು ಇನ್ನೊಂದು ಕಡೆ. ಜನವರಿಯ ಸಿಇಎಸ್ ಎಲೆಕ್ಟ್ರಾನಿಕ್ಸ್ ಪ್ರದರ್ಶನಕ್ಕೋ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ವಾರ ನಡೆಯುವ ಅಮೆಜಾನ್ ಕ್ಲೌಡ್ ಸಮ್ಮೇಳನಕ್ಕೋ ಬೆಂಗಳೂರಿಂದ ಬಂದು ಹೋಗುವವರಲ್ಲೂ ಇದೇ ಎರಡು ಪಂಗಡ.

ಎರಡೂ ಕಡೆಯವರು ಹೇಳುವುದು ನಿಜವೇ. ಅವರು ನೋಡಿದ ಹೊತ್ತು ಮಾತ್ರ ಬೇರೆ ಬೇರೆ. ಶನಿವಾರ ರಾತ್ರಿ ಹನ್ನೊಂದಕ್ಕೆ, ದೊಡ್ಡ ಕ್ಯಾಸಿನೊ ಹೋಟೆಲುಗಳ ಸಾಲಿರುವ ಸ್ಟ್ರಿಪ್ ರಸ್ತೆಯ ನೂಕುನುಗ್ಗಲಲ್ಲಿ ಸಿಕ್ಕಿಕೊಂಡು, ಹೊಗೆ ಕುಡಿದು, ಬಿಲ್ ನೋಡಿ ಬೆಚ್ಚಿ ವಾಪಸಾದವರಿಗೆ ಆ ಊರು ಬೇಡವಾಗುವುದು ಸಹಜ. ಬುಧವಾರ ಬೆಳಗ್ಗೆ ಆರೂವರೆಗೆ ಕೆಂಪು ಬಂಡೆಗಳ ಮೇಲೆ ಬಿಸಿಲು ಇಳಿಯುವುದನ್ನು ಕಂಡು, ಸಂಜೆ ಕಾರಂಜಿಯ ಮುಂದೆ ನಿಂತವರಿಗೆ ಅದೇ ಊರು ಇನ್ನೊಂದಾಗಿ ಕಾಣುತ್ತದೆ. ನಮ್ಮ ಮಟ್ಟಿಗೆ ಉತ್ತರ ಹೀಗೆ: ಮೂರು ರಾತ್ರಿಗೆ ಖಂಡಿತ ಹೋಗಬಹುದು, ವಾರದ ನಡುವೆ ಹೋಗಬೇಕು, ಬೆಳಗನ್ನು ಮರುಭೂಮಿಗೆ ಕೊಡಬೇಕು, ರಾತ್ರಿಯನ್ನು ದೀಪಗಳಿಗೆ. ಐದು ರಾತ್ರಿ ಅಂದರೆ ಜಾಸ್ತಿಯಾಯಿತು.

ಹೊರಡುವ ಮುನ್ನ

ಮಾರ್ಚ್ ನಡುವಿಂದ ಏಪ್ರಿಲ್ ಕೊನೆಯವರೆಗೆ, ಆಮೇಲೆ ಅಕ್ಟೋಬರ್. ಇವೇ ಒಳ್ಳೆಯ ತಿಂಗಳುಗಳು. ಊರಿಂದ ಬರುವ ಹಿರಿಯರು ಹೆಚ್ಚಾಗಿ ಬೇಸಿಗೆಯಲ್ಲೇ ಇಲ್ಲಿರುತ್ತಾರೆ, ತೊಂದರೆ ಆಗುವುದೂ ಆಗಲೇ. ಜುಲೈಯಲ್ಲಿ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. 2024ರ ಜುಲೈ 7ರಂದು 48.9 ಡಿಗ್ರಿ ದಾಖಲಾಯಿತು. ಬಳ್ಳಾರಿ, ಕಲಬುರಗಿಯ ಬಿಸಿಲು ಕಂಡವರು "ನಮಗೇನು ಹೊಸದಾ" ಅಂದುಕೊಳ್ಳುತ್ತಾರೆ. ಇಲ್ಲಿನ ಗಾಳಿಯಲ್ಲಿ ತೇವವೇ ಇಲ್ಲ. ಬೆವರು ಬಂದದ್ದೇ ಗೊತ್ತಾಗದೆ ಆರಿಹೋಗುತ್ತದೆ, ಬಾಯಾರಿಕೆ ಆಗುವ ಹೊತ್ತಿಗೆ ತಲೆನೋವು ಶುರುವಾಗಿರುತ್ತದೆ. ತುಟಿಗೆ ತುಪ್ಪವೋ ವ್ಯಾಸಲೀನೋ ಬೇಕು. ಕೆಲವರಿಗೆ ಮೂಗಲ್ಲಿ ರಕ್ತ ಬರುವುದೂ ಉಂಟು. ಬಿಸಿಲಲ್ಲಿ ನಡೆಯುವುದಾದರೆ ಒಬ್ಬೊಬ್ಬರಿಗೂ ಗಂಟೆಗೊಂದು ಲೀಟರ್ ಕುಡಿಯುವ ನೀರು ಇಟ್ಟುಕೊಳ್ಳಿ.

ತಪ್ಪಿಸಬೇಕಾದ ವಾರಗಳು: ಮೇಲೆ ಹೇಳಿದ ಎರಡು ಸಮ್ಮೇಳನಗಳು, ಹೊಸ ವರ್ಷ, ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಫೈನಲ್) ವಾರಾಂತ್ಯ, ನವೆಂಬರಿನ ಫಾರ್ಮುಲಾ ಒನ್ ರೇಸು. 2023ರಿಂದ ನಡೆಯುತ್ತಿರುವ ಈ ರೇಸಿಗೆ ಸ್ಟ್ರಿಪ್ ರಸ್ತೆಯೇ ಓಟದ ಹಾದಿ. ವಾರಗಟ್ಟಲೆ ಮೊದಲೇ ಬೇಲಿ, ದೀಪದ ಕಂಬ, ಪ್ರೇಕ್ಷಕರ ಅಟ್ಟಣಿಗೆ ಎದ್ದು ಕಾರಂಜಿಯೂ ಸರಿಯಾಗಿ ಕಾಣುವುದಿಲ್ಲ. ಅಂಥ ದಿನಗಳಲ್ಲಿ ಮಾಮೂಲಿನ ಎರಡು, ಮೂರು ಪಟ್ಟು ಬಾಡಿಗೆ ಕೊಡಬೇಕಾಗುತ್ತದೆ.

ಹಳೆಯ "ನೋಡಲೇಬೇಕಾದ ಹತ್ತು ಸ್ಥಳ" ಪಟ್ಟಿಗಳನ್ನೂ ನಂಬಬೇಡಿ. ಮಿರಾಜ್ ಹೋಟೆಲಿನ ಜ್ವಾಲಾಮುಖಿ ಈಗಿಲ್ಲ, ಆ ಹೋಟೆಲೇ 2024ರ ಜುಲೈಯಲ್ಲಿ ಮುಚ್ಚಿತು. 1957ರ ಟ್ರಾಪಿಕಾನಾವನ್ನು 2024ರ ಅಕ್ಟೋಬರಿನಲ್ಲಿ ಸಿಡಿಸಿ ಉರುಳಿಸಿದರು, ಆ ಜಾಗದಲ್ಲಿ ಬೇಸ್‌ಬಾಲ್ ಕ್ರೀಡಾಂಗಣ ಏಳುತ್ತಿದೆ. ಟ್ರೆಷರ್ ಐಲೆಂಡ್‌ನ ಕಡಲ್ಗಳ್ಳರ ಆಟ ನಿಂತು ಎಷ್ಟೋ ವರ್ಷವಾಯಿತು. ಈ ಊರು ತನ್ನ ಹಳೆಯದನ್ನು ಉಳಿಸಿಕೊಳ್ಳುವುದಿಲ್ಲ. ಹತ್ತು ವರ್ಷದ ಹಿಂದೆ ನೋಡಿದವರ ಸಲಹೆ ಇವತ್ತಿಗೆ ಅರ್ಧ ಮಾತ್ರ ಹೊಂದುತ್ತದೆ.

ಮಂಗಳವಾರ

ಹ್ಯಾರಿ ರೀಡ್ ವಿಮಾನ ನಿಲ್ದಾಣದಲ್ಲಿ (2021ರವರೆಗೆ ಮೆಕ್ಯಾರನ್) ಗೇಟಿನಿಂದ ಹೊರಬರುತ್ತಿದ್ದಂತೆ ಸ್ಲಾಟ್ ಎಂಬ ಜೂಜಿನ ಯಂತ್ರಗಳ ಸಾಲು ಸಿಗುತ್ತದೆ. ಉಬರ್, ಲಿಫ್ಟ್ ಕಾರುಗಳು ಬಾಗಿಲ ಮುಂದೆ ನಿಲ್ಲುವುದಿಲ್ಲ. ಒಂದನೇ ಟರ್ಮಿನಲ್‌ನಿಂದಾದರೆ ಪಾರ್ಕಿಂಗ್ ಕಟ್ಟಡದ ಎರಡನೇ ಮಹಡಿಗೆ ಹೋಗಬೇಕು. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಟ್ಯಾಕ್ಸಿ ಸಾಲೇ ಹತ್ತಿರ. ಸ್ಟ್ರಿಪ್ ಹೋಟೆಲುಗಳಿಗೆ ಟ್ಯಾಕ್ಸಿಗಳದು ವಲಯವಾರು ನಿಗದಿತ ದರ, ಹತ್ತುವ ಮೊದಲೇ ಕೇಳಿಕೊಳ್ಳಿ. ಮೊನೊರೈಲು ಇಲ್ಲಿಗೆ ಬರುವುದಿಲ್ಲ. ಅದು ಎಂಜಿಎಂ ಗ್ರ್ಯಾಂಡ್‌ನಿಂದ ಸಹಾರಾವರೆಗೆ 3.9 ಮೈಲಿ, ಏಳು ನಿಲ್ದಾಣ, ಅದೂ ಹೋಟೆಲುಗಳ ಹಿಂಬದಿಯಲ್ಲಿ.

ಜಗಳ ಮೊದಲು ಹುಟ್ಟುವುದು ಹೋಟೆಲ್ ಬಿಲ್ಲಿನಲ್ಲಿ. "ಅರವತ್ತು ಡಾಲರಿಗೆ ರೂಮ್ ಸಿಕ್ಕಿತು" ಎಂದು ಸಂಭ್ರಮಿಸಿದವರು ಕೊನೆಗೆ ಇನ್ನೂರೈವತ್ತರ ಎರಡು ರಾತ್ರಿಯ ಬಿಲ್ ಹಿಡಿದು ನಿಲ್ಲುವುದು ಹೀಗೆ: ಬಾಡಿಗೆ 60, ಅದರ ಮೇಲೆ ರೆಸಾರ್ಟ್ ಶುಲ್ಕ 50, ಎರಡೂ ಸೇರಿದ ಮೊತ್ತಕ್ಕೆ ನೂರಕ್ಕೆ 13ಕ್ಕೂ ತುಸು ಹೆಚ್ಚು ತೆರಿಗೆ. ಒಂದು ರಾತ್ರಿಗೆ 125ರ ಹತ್ತಿರ. ರೆಸಾರ್ಟ್ ಶುಲ್ಕ ಅಂದರೆ ವೈಫೈ, ವ್ಯಾಯಾಮಶಾಲೆ ಇತ್ಯಾದಿಗೆಂದು ಹೇಳುವ ದುಡ್ಡು. ಬಳಸಿ, ಬಿಡಿ, ಕೊಡಲೇಬೇಕು. 2025ರ ಮೇ 12ರಿಂದ ಇಂಥ ಕಡ್ಡಾಯ ಶುಲ್ಕವನ್ನು ಮೊದಲ ಬೆಲೆಯಲ್ಲೇ ಸೇರಿಸಿ ತೋರಿಸಬೇಕೆಂದು ಫೆಡರಲ್ ನಿಯಮ ಬಂದಿದೆ. ಆದರೂ ಸರ್ಕಾರಿ ತೆರಿಗೆ ಕೊನೆಯ ಪುಟದಲ್ಲೇ ಸೇರಬಹುದು. ಹಾಗಾಗಿ ಎರಡು ಹೋಟೆಲು ಹೋಲಿಸುವಾಗ ದುಡ್ಡು ಕಟ್ಟುವ ಪುಟದವರೆಗೆ ಹೋಗಿ ನೋಡಿ. ಕಾರಿದ್ದರೆ ಪಾರ್ಕಿಂಗ್ ಬೇರೆ. ದೊಡ್ಡ ಹೋಟೆಲುಗಳಲ್ಲಿ 2016ರಿಂದೀಚೆಗೆ ಅದೂ ಪುಕ್ಕಟೆಯಲ್ಲ.

ಚೆಕ್‌ಇನ್ ವೇಳೆ ಕಾರ್ಡಿನ ಮೇಲೆ ಮುಂಗಡ ತಡೆಹಿಡಿಯುತ್ತಾರೆ, ರಾತ್ರಿಗೆ ನೂರು, ನೂರೈವತ್ತು ಡಾಲರ್ ಲೆಕ್ಕ. ಕ್ರೆಡಿಟ್ ಕಾರ್ಡಾದರೆ ಗೊತ್ತೇ ಆಗುವುದಿಲ್ಲ. ಡೆಬಿಟ್ ಅಥವಾ ಭಾರತದಿಂದ ತಂದ ಫಾರೆಕ್ಸ್ ಕಾರ್ಡ್ ಕೊಟ್ಟರೆ ಅಷ್ಟೂ ದುಡ್ಡು ದಿನಗಟ್ಟಲೆ ಕೈಗೆ ಸಿಗದೆ ಕೂರುತ್ತದೆ.

ಕೋಣೆಗೆ ಹೋದಮೇಲೆ ನೋಡಬೇಕಾದ್ದು ಫ್ರಿಜ್ಜು. ಅದರಲ್ಲಿರುವ ಬಾಟಲಿಗಳ ಕೆಳಗೆ ಸೆನ್ಸರ್ ಇರಬಹುದು. ಎತ್ತಿ ಪಕ್ಕಕ್ಕಿಟ್ಟು ನಿಮ್ಮ ಮೊಸರು ಇಟ್ಟಿರೋ, ಬಿಲ್ಲಿಗೆ ಸೇರಿತು. ಮೇಜಿನ ಮೇಲಿನ ನೀರೂ ಪುಕ್ಕಟೆಯಲ್ಲ. ಕಾಫಿ ಯಂತ್ರ ಬಹಳಷ್ಟು ಕೋಣೆಗಳಲ್ಲಿ ಇರುವುದೇ ಇಲ್ಲ, ಬೆಳಗಿನ ಕಾಫಿಗೆ ಕೆಳಗಿಳಿದು ಕ್ಯೂ ನಿಲ್ಲಬೇಕು. ಊರಿಂದ ತಂದ ಕೆಟಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 230 ವೋಲ್ಟಿನದನ್ನು 120 ವೋಲ್ಟಿಗೆ ಚುಚ್ಚಿದರೆ ಕಾಲು ಭಾಗದಷ್ಟೇ ಕಾವು ಬರುತ್ತದೆ, ನೀರು ಕುದಿಯುವಷ್ಟರಲ್ಲಿ ಸ್ನಾನ ಮುಗಿದಿರುತ್ತದೆ. ಇಲ್ಲಿಯದೇ ಒಂದು ಸಣ್ಣ ಕೆಟಲ್, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ, ಒಂದು ಕೆಜಿ ತೆಳು ಅವಲಕ್ಕಿ ಇದ್ದರೆ ಸಸ್ಯಾಹಾರಿಗಳ ಬೆಳಗಿನ ಚಿಂತೆ ಮುಗಿಯಿತು. ಮೊಸರು, ಬಾಳೆಹಣ್ಣು, ನೀರು ಸ್ಟ್ರಿಪ್‌ನಲ್ಲೇ ಇರುವ ವಾಲ್‌ಗ್ರೀನ್ಸ್, ಸಿವಿಎಸ್ ಅಂಗಡಿಗಳಲ್ಲಿ ಸಿಗುತ್ತವೆ. ಹೊರಗೆ ಊಟ ಮಾಡುವಾಗ ಮಾಂಸ ಇಲ್ಲವೆಂದರೆ ಸಾಲದು. ಮೆಕ್ಸಿಕನ್ ಅನ್ನವನ್ನು ಕೋಳಿಯ ಸ್ಟಾಕ್‌ನಲ್ಲಿ ಬೇಯಿಸಿರುತ್ತಾರೆ, ಅರೆದ ಬೀನ್ಸ್ ಕಾಳಿಗೆ ಹಂದಿಯ ಕೊಬ್ಬು ಬಿದ್ದಿರಬಹುದು, ಥಾಯ್ ಪಲ್ಯಕ್ಕೆ ಮೀನಿನ ಸಾಸ್. ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು.

ಹೊಗೆಯ ವಿಚಾರವನ್ನು ಹೋಟೆಲ್ ಆರಿಸುವಾಗಲೇ ಯೋಚಿಸಬೇಕಿತ್ತು. ವೇಗಸ್ ಇರುವ ನೆವಾಡಾ ರಾಜ್ಯದ ಕ್ಯಾಸಿನೊ ಒಳಗೆ ಸಿಗರೇಟು ಸೇದಲು ಅವಕಾಶವಿದೆ, ಲಿಫ್ಟಿಗೆ ಹೋಗಲು ಆ ಹೊಗೆಯನ್ನು ಹಾದೇ ಹೋಗಬೇಕು. ಅಸ್ತಮಾ ಇರುವವರಿಗೆ ಪಾರ್ಕ್ ಎಂಜಿಎಂ ಒಳ್ಳೆಯದು. ಸ್ಟ್ರಿಪ್‌ನಲ್ಲಿ 2020ರಿಂದ ಪೂರ್ತಿ ಹೊಗೆರಹಿತವಾಗಿರುವ ದೊಡ್ಡ ಕ್ಯಾಸಿನೊ ಹೋಟೆಲು ಅದು.

ಸಂಜೆ ಐದರ ನಂತರ ನಡಿಗೆ. ಸ್ಟ್ರಿಪ್ ಅಂದರೆ ಲಾಸ್ ವೇಗಸ್ ಬುಲೆವಾರ್ಡಿನ ಸುಮಾರು 4.2 ಮೈಲಿ, ಏಳು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಇದರ ಬಹುಭಾಗ ಲಾಸ್ ವೇಗಸ್ ನಗರದ ಗಡಿಯಲ್ಲೇ ಇಲ್ಲ, ಕ್ಲಾರ್ಕ್ ಕೌಂಟಿಯ (ನಮ್ಮ ಜಿಲ್ಲೆಯಂಥದು) ಪ್ಯಾರಡೈಸ್ ಎಂಬ ಪ್ರದೇಶದಲ್ಲಿದೆ. ಪಕ್ಕದ ಹೋಟೆಲು ಕೈಗೆಟುಕುವಂತೆ ಕಂಡರೂ ಅಲ್ಲಿಗೆ ಹದಿನೈದು ನಿಮಿಷ ಹಿಡಿಯುತ್ತದೆ. ರಸ್ತೆ ನೇರ ದಾಟುವಂತಿಲ್ಲ, ಮೇಲ್ಸೇತುವೆ ಹತ್ತಿ ಇಳಿಯಬೇಕು. ಅಲ್ಲಿನ ಎಸ್ಕಲೇಟರುಗಳು ಆಗಾಗ ಕೆಟ್ಟು ನಿಂತಿರುತ್ತವೆ. ಆ ಸೇತುವೆಗಳ ಮೇಲೆ ಫೋಟೊ ತೆಗೆಯಲು ನಿಲ್ಲಬೇಡಿ. 2024ರ ಜನವರಿಯಿಂದ ಅಲ್ಲಿ ನಿಲ್ಲುವುದೇ ಅಪರಾಧ. ವೇಷ ಹಾಕಿಕೊಂಡವರು ಪಕ್ಕಕ್ಕೆ ಬಂದು ನಿಂತು ಫೋಟೊ ಆದಮೇಲೆ ಇಪ್ಪತ್ತು ಡಾಲರ್ ಕೇಳುತ್ತಾರೆ. "ಷೋ ಟಿಕೆಟ್ ಫ್ರೀ" ಎಂದು ಕೂಗುವ ಮೇಜಿನವರು ಟೈಂಶೇರ್ (ರಜೆಮನೆಯಲ್ಲಿ ಪಾಲು) ಮಾರುವವರು, ಒಂದು ಬೆಳಗ್ಗೆಯನ್ನೇ ಕಸಿದುಕೊಳ್ಳುತ್ತಾರೆ. ತಲೆ ಅಲ್ಲಾಡಿಸಿ ಮುಂದೆ ಸಾಗಿ.

ಬೆಲಾಜಿಯೊ ಹೋಟೆಲಿನ ಕಾರಂಜಿಗೆ ಟಿಕೆಟಿಲ್ಲ. 1998ರಲ್ಲಿ ಶುರುವಾದದ್ದು. ಎಂಟೂವರೆ ಎಕರೆ ಕೆರೆ, ಸಾವಿರದ ಇನ್ನೂರಕ್ಕೂ ಹೆಚ್ಚು ಚಿಮ್ಮುಕೊಳವೆ, ಗರಿಷ್ಠ 460 ಅಡಿ ಎತ್ತರಕ್ಕೆ ನೀರು. ಸಂಜೆ ಅರ್ಧ ಗಂಟೆಗೊಮ್ಮೆ, ರಾತ್ರಿ ಕಾಲು ಗಂಟೆಗೊಮ್ಮೆ, ಮಧ್ಯರಾತ್ರಿಗೆ ಕೊನೆಯ ಆಟ. ಗಾಳಿ ಜೋರಾದರೆ ರದ್ದು. ಕೆ.ಆರ್.ಎಸ್. ಬೃಂದಾವನದ ಸಂಗೀತ ಕಾರಂಜಿ ನೋಡಿ ಬೆಳೆದ ಹಿರಿಯರು ಇಲ್ಲಿ ತುಂಬ ಹೊತ್ತು ನಿಲ್ಲುತ್ತಾರೆ. ಎರಡು, ಮೂರು ಹಾಡು ನೋಡಿ. ಒಮ್ಮೆ ಎದುರಿನ ಪ್ಯಾರಿಸ್ ಹೋಟೆಲಿನ ಕಾಲುದಾರಿಯಿಂದ, ಒಮ್ಮೆ ಕೆರೆಯ ಕಟಕಟೆಗೇ ಒರಗಿ. ಹತ್ತಿರ ನಿಂತಾಗ ನೀರು ಸಿಡಿಯುವ ಗುಂಡಿನಂಥ ಸದ್ದು ಎದೆಗೆ ತಾಗುತ್ತದೆ. ಆಮೇಲೆ ಹೋಟೆಲಿನ ಒಳಗೆ ಹೂವಿನ ಮನೆ. ಋತುವಿಗೆ ತಕ್ಕಂತೆ ವರ್ಷಕ್ಕೆ ಐದು ಬಾರಿ ಅಲಂಕಾರ ಬದಲಾಗುತ್ತದೆ, ಅದೂ ಪುಕ್ಕಟೆ. ಮೊದಲ ರಾತ್ರಿಗೆ ಇಷ್ಟು ಸಾಕು.

ಬುಧವಾರ

"ವೇಗಸ್‌ನಲ್ಲಿ ನೋಡೋಕೆ ಏನೂ ಇಲ್ಲ" ಅನ್ನುವವರನ್ನು ಬೆಳಗ್ಗೆ ಕಾರಿನಲ್ಲಿ ಕೂರಿಸಿಕೊಂಡು ಪಶ್ಚಿಮಕ್ಕೆ ಮುಕ್ಕಾಲು ಗಂಟೆಯೊಳಗಿನ ದಾರಿ ಕರೆದೊಯ್ಯಬೇಕು. ರೆಡ್ ರಾಕ್ ಕಣಿವೆ. ಸ್ವಂತ ಅಥವಾ ಬಾಡಿಗೆ ಕಾರೇ ಬೇಕು. ಉಬರ್ ಹಿಡಿದು ಹೋಗುವುದು ಸುಲಭ, ವಾಪಸು ಬರಲು ಫೋನಿಗೆ ಸಿಗ್ನಲ್ಲೂ ಇಲ್ಲ, ಕಾರೂ ಇಲ್ಲ. ಅಕ್ಟೋಬರ್ 1ರಿಂದ ಮೇ 31ರವರೆಗೆ ಬೆಳಗ್ಗೆ ಎಂಟರಿಂದ ಸಂಜೆ ಐದರ ನಡುವೆ ಒಳಹೋಗಲು ಮುಂಗಡ ಸಮಯ ಕಾದಿರಿಸಿರಬೇಕು. ಇಲ್ಲದಿದ್ದರೆ ದ್ವಾರದಿಂದಲೇ ತಿರುಗಿಸಿ ಕಳಿಸುತ್ತಾರೆ. ಗೇಟು ಆರಕ್ಕೇ ತೆರೆಯುತ್ತದೆ. ಎಂಟಕ್ಕೆ ಮೊದಲು ಹೋದರೆ ಕಾದಿರಿಸುವ ಅಗತ್ಯವಿಲ್ಲ, ಬೆಳಕೂ ಆಗಲೇ ಚೆನ್ನ. ಕಾರಿಗೆ 20 ಡಾಲರ್.

ಒಳಗೆ 13 ಮೈಲಿಯ ಒಮ್ಮುಖ ರಸ್ತೆ. ಒಂದು ತಿರುವು ತಪ್ಪಿದರೆ ಪೂರ್ತಿ ಸುತ್ತು ಬರಬೇಕು, ಆದ್ದರಿಂದ ಎಲ್ಲಿ ನಿಲ್ಲಬೇಕೆಂದು ಮೊದಲೇ ಗುರುತು ಹಾಕಿಕೊಳ್ಳಿ. ಕೆಂಪಗಿರುವುದು ಅಜ್ಟೆಕ್ ಮರಳುಗಲ್ಲು, ಡೈನೋಸಾರುಗಳ ಕಾಲದ ಮರಳ ದಿಬ್ಬಗಳು ಗಟ್ಟಿಯಾಗಿ ಕಲ್ಲಾದದ್ದು. ಅದರ ನೆತ್ತಿಯ ಮೇಲೆ ಕೆಲವೆಡೆ ಬೂದು ಬಣ್ಣದ ಸುಣ್ಣಕಲ್ಲು ಕಾಣುತ್ತದೆ. ಅದು ಕೆಂಪು ಕಲ್ಲಿಗಿಂತ ಬಹಳ ಹಳೆಯದು. ಹಳೆಯದು ಕೆಳಗಿರಬೇಕಲ್ಲವೇ? ಭೂಪದರ ಒತ್ತಡಕ್ಕೆ ಸಿಕ್ಕಿ ಬಿರಿದು, ಹಳೆಯ ಪದರವೇ ಹೊಸದರ ಮೇಲೆ ಮೈಲಿಗಟ್ಟಲೆ ಜಾರಿ ಬಂದು ಕೂತಿದೆ. ಕೀಸ್ಟೋನ್ ತ್ರಸ್ಟ್ ಎಂದು ಕರೆಯುವ ಈ ಸೀಳು ಬರಿಗಣ್ಣಿಗೆ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಹೆಚ್ಚಿಲ್ಲ.

ನಡೆಯಬಲ್ಲವರು ಸ್ಯಾಂಡ್‌ಸ್ಟೋನ್ ಕ್ವಾರಿಯಲ್ಲಿ ಕಾರು ನಿಲ್ಲಿಸಿ ಕ್ಯಾಲಿಕೊ ಟ್ಯಾಂಕ್ಸ್ ದಾರಿ ಹಿಡಿಯಿರಿ. ಹೋಗಿ ಬರಲು ಎರಡೂವರೆ ಮೈಲಿ, ಎರಡು ಗಂಟೆ. ಕೊನೆಯಲ್ಲಿ ಬಂಡೆಯ ಬಟ್ಟಲಲ್ಲಿ ಮಳೆನೀರು ನಿಂತಿರಬಹುದು. ಅದರಾಚೆ ದೂರದಲ್ಲಿ ಇಡೀ ವೇಗಸ್ ಕಣಿವೆ. ಅಷ್ಟು ಎತ್ತರದಿಂದ ನೋಡಿದಾಗಲೇ ಸ್ಟ್ರಿಪ್ ಎಷ್ಟು ಚಿಕ್ಕದು, ಸುತ್ತಲಿನ ಬಯಲು ಎಷ್ಟು ದೊಡ್ಡದು ಎಂದು ಗೊತ್ತಾಗುವುದು. ದಾರಿ ತಪ್ಪುವುದು ಬಂಡೆ ಹಾಸಿನ ಮೇಲೆ, ಅಲ್ಲಿ ಕಾಲುಹಾದಿಯ ಗುರುತು ಅಳಿಸಿರುತ್ತದೆ. ಹತ್ತಿದ ಜಾಗವನ್ನು ತಿರುಗಿ ನೋಡಿಟ್ಟುಕೊಳ್ಳಿ. ಮರಳುಗಲ್ಲು ಮಳೆ ಬಿದ್ದರೆ ಮೆತ್ತಗಾಗಿ ಕಿತ್ತು ಬರುತ್ತದೆ, ಆಗ ಹತ್ತುವುದೇ ಬೇಡ. ಮಂಡಿ ನೋಯುವವರು ಕ್ಯಾಲಿಕೊ ದಿಬ್ಬಗಳ ಮೊದಲ ನಿಲುಗಡೆಯಲ್ಲಿ ಕೂತರೂ ನಷ್ಟವಿಲ್ಲ. ವಾಪಸು ಬರುವ ಹಾದಿಯಲ್ಲಿ ಸಮರ್ಲಿನ್ ಬಡಾವಣೆಯಲ್ಲಿ ಹಿಂದೂ ದೇವಸ್ಥಾನವಿದೆ. ಹಿರಿಯರಿಗೆ ಈ ಊರಿನ ಮೇಲಿನ ಮುನಿಸು ಅಲ್ಲಿ ಸ್ವಲ್ಪ ಇಳಿಯುತ್ತದೆ.

ಮಧ್ಯಾಹ್ನ ನಿದ್ದೆ. ಇದನ್ನು ಬಿಟ್ಟವರೇ ಮೂರನೇ ದಿನ ಸುಸ್ತಾಗಿ ಊರನ್ನು ಬೈಯುವುದು.

ಸಂಜೆ ಹಳೆಯ ಊರಿಗೆ. ಸ್ಟ್ರಿಪ್‌ನಿಂದ ಹಗಲೂ ರಾತ್ರಿ ಓಡುವ ಡ್ಯೂಸ್ ಎಂಬ ಡಬಲ್ ಡೆಕ್ಕರ್ ಬಸ್ಸಿದೆ. ಟಿಕೆಟನ್ನು ನಿಲ್ದಾಣದ ಯಂತ್ರದಲ್ಲೋ ಆ್ಯಪ್‌ನಲ್ಲೋ ಮೊದಲೇ ತೆಗೆದುಕೊಳ್ಳಿ. 1905ರ ಮೇ 15ರಂದು ರೈಲ್ವೆ ಕಂಪನಿ ನಿವೇಶನ ಹರಾಜು ಹಾಕಿದಾಗ ಹುಟ್ಟಿದ ಊರು ಇದು. ಸ್ಪ್ಯಾನಿಷ್ ಭಾಷೆಯಲ್ಲಿ ಲಾಸ್ ವೇಗಸ್ ಎಂದರೆ ಹುಲ್ಲುಗಾವಲು. ನೆಲದಿಂದ ಉಕ್ಕುತ್ತಿದ್ದ ಬುಗ್ಗೆಗಳಿಂದ ಆ ಹೆಸರು ಬಂತು, ಅವು 1962ರಲ್ಲಿ ಬತ್ತಿದವು.

ಫ್ರಿಮಾಂಟ್ ಬೀದಿಯ ಮೇಲೆ 90 ಅಡಿ ಎತ್ತರದಲ್ಲಿ 1,375 ಅಡಿ ಉದ್ದದ ಎಲ್ಇಡಿ ಚಪ್ಪರ. ಇದರ ಬಗ್ಗೆ ಅಭಿಪ್ರಾಯಗಳು ತೀರಾ ಎದುರುಬದುರು. ಸ್ಟ್ರಿಪ್‌ಗಿಂತ ಇದೇ ಜೀವಂತ ಅನ್ನುವವರಿದ್ದಾರೆ. ಕಿವಿಗಡಚಿಕ್ಕುವ ಸದ್ದು, ಕುಡಿದವರ ಗುಂಪು, ಅರೆಬೆತ್ತಲೆ ವೇಷಗಳು ಅನ್ನುವವರೂ ಇದ್ದಾರೆ. ಚಿಕ್ಕ ಮಕ್ಕಳಿದ್ದರೆ ಎಂಟರೊಳಗೆ ನೋಡಿ ಹೊರಡುವುದು ಮೇಲು.

ನಮ್ಮ ಮನಸ್ಸು ಗೆಲ್ಲುವುದು ಸ್ವಲ್ಪ ಉತ್ತರಕ್ಕಿರುವ ನಿಯಾನ್ ಮ್ಯೂಸಿಯಂ. ಮುಚ್ಚಿಹೋದ ಹೋಟೆಲುಗಳ ಹಳೆಯ ದೀಪದ ಫಲಕಗಳನ್ನೆಲ್ಲ ತಂದು ಬಯಲಲ್ಲಿ ನಿಲ್ಲಿಸಿದ್ದಾರೆ. ತುಕ್ಕು, ಒಡೆದ ಬಲ್ಬು, ಉದುರಿದ ಬಣ್ಣ. ಟಿಕೆಟ್ ಮನೆಯೇ 1961ರ ಲಾ ಕೊಂಚಾ ಮೋಟೆಲಿನ ಚಿಪ್ಪಿನಾಕಾರದ ಲಾಬಿ. ಆಫ್ರಿಕನ್ ಅಮೆರಿಕನ್ ವಾಸ್ತುಶಿಲ್ಪಿ ಪಾಲ್ ರಿವಿಯರ್ ವಿಲಿಯಮ್ಸ್ ಅದನ್ನು ರೂಪಿಸಿದರು. ಈ ಊರಿನ ಕರಾಳ ಪುಟವೊಂದು ಇಲ್ಲಿ ನೆನಪಾಗಬೇಕು. 1950ರ ದಶಕದಲ್ಲಿ ಸ್ಟ್ರಿಪ್‌ನ ವೇದಿಕೆಗಳಲ್ಲಿ ಹಾಡುತ್ತಿದ್ದ ಕಪ್ಪು ಕಲಾವಿದರಿಗೆ ಅದೇ ಹೋಟೆಲುಗಳಲ್ಲಿ ಮಲಗಲು ಕೋಣೆ ಕೊಡುತ್ತಿರಲಿಲ್ಲ. ಅವರು ನಗರದ ಪಶ್ಚಿಮ ಭಾಗದ ಬಡ ಬಡಾವಣೆಗೆ ಹೋಗಿ ತಂಗಬೇಕಿತ್ತು. 1960ರ ಮಾರ್ಚ್‌ನಲ್ಲಿ ಪ್ರತಿಭಟನೆಯ ಬೆದರಿಕೆಗೆ ಮಣಿದು ಹೋಟೆಲುಗಳು ಆ ನಿರ್ಬಂಧ ತೆಗೆದವು. ದೀಪದ ಚೆಲುವನ್ನಷ್ಟೇ ನೋಡಿ ಬಂದರೆ ಅರ್ಧ ನೋಡಿದಂತೆ. ಟಿಕೆಟ್ ಮೊದಲೇ ಕಾದಿರಿಸಿ, ಕತ್ತಲಾದ ಮೇಲಿನ ಹೊತ್ತನ್ನೇ ಆರಿಸಿ.

ಹತ್ತಿರದಲ್ಲೇ ಮಾಬ್ ಮ್ಯೂಸಿಯಂ. 1933ರ ಕೋರ್ಟು ಮತ್ತು ಅಂಚೆ ಕಟ್ಟಡ. ಸಂಘಟಿತ ಅಪರಾಧದ ಬಗ್ಗೆ ಸೆನೆಟರ್ ಎಸ್ಟಿಸ್ ಕೆಫಾವರ್ ಸಮಿತಿ 1950ರಲ್ಲಿ ವಿಚಾರಣೆ ನಡೆಸಿದ ಕೋಣೆ ಇದರಲ್ಲೇ ಇದೆ. ಇತಿಹಾಸದ ಹುಚ್ಚಿದ್ದವರಿಗೆ ಮೂರು ಗಂಟೆ ಬೇಕು, ಉಳಿದವರು ಬಿಡಬಹುದು.

ಗುರುವಾರ

ಹೂವರ್ ಅಣೆಕಟ್ಟಿಗೆ ಮುಕ್ಕಾಲು ಗಂಟೆ. ದಾರಿಯಲ್ಲಿ ಸಿಗುವ ಬೌಲ್ಡರ್ ಸಿಟಿ 1931ರಲ್ಲಿ ಅಣೆಕಟ್ಟಿನ ಕಾರ್ಮಿಕರಿಗಾಗಿ ಕಟ್ಟಿದ ಊರು, ಅಲ್ಲಿ ಇಂದಿಗೂ ಜೂಜು ನಿಷಿದ್ಧ. ಅದೇ ವರ್ಷ ನೆವಾಡಾ ರಾಜ್ಯ ಜೂಜನ್ನು ಕಾನೂನುಬದ್ಧಗೊಳಿಸಿತು. ಅಣೆಕಟ್ಟಿನ ಸಂಬಳ ಹಿಡಿದು ವಾರಾಂತ್ಯಕ್ಕೆ ಬರುತ್ತಿದ್ದ ಕಾರ್ಮಿಕರಿಂದ ವೇಗಸ್ ಬೆಳೆಯಿತು.

ಭದ್ರತಾ ತಪಾಸಣೆ ಇದೆ. ಪಾರ್ಕಿಂಗ್ ಕಟ್ಟಡಕ್ಕೆ 10 ಡಾಲರ್, ಅಣೆಯ ಮೇಲೆ ನಡೆಯುವುದು ಪುಕ್ಕಟೆ. ಒಳಗಿನ ಸುರಂಗ ತೋರಿಸುವ ಪ್ರವಾಸದ ಟಿಕೆಟು ಅಲ್ಲೇ ಕೌಂಟರಿನಲ್ಲಿ ಮಾತ್ರ ಸಿಗುತ್ತದೆ, ಬೆಳಗ್ಗೆ ಬೇಗ ಹೋದವರಿಗೆ ಖಚಿತ. ಎತ್ತರ 726 ಅಡಿ, 221 ಮೀಟರ್. ಕಟ್ಟಿದ್ದು 1931ರಿಂದ 1935. ಕಾಂಕ್ರೀಟು ಗಟ್ಟಿಯಾಗುವಾಗ ಕಾವು ಹುಟ್ಟುತ್ತದೆ. ಇಷ್ಟು ದೊಡ್ಡ ರಾಶಿಯನ್ನು ಒಂದೇ ಸಲ ಸುರಿದಿದ್ದರೆ ತಣ್ಣಗಾಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಗಿ, ಬಿರುಕು ಬಿಡುತ್ತಿತ್ತು. ಅದಕ್ಕೇ ಬಿಡಿಬಿಡಿ ಕಂಬಗಳಾಗಿ ಸುರಿದು, ಒಳಗೆ ಕೊಳವೆ ಹಾಸಿ ತಣ್ಣೀರು ಹರಿಸಿದರು. ನಮ್ಮ ಕನ್ನಂಬಾಡಿ ಕಟ್ಟೆಯೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ಮುಗಿದದ್ದು, ಅದು ಕಲ್ಲು ಮತ್ತು ಸುರ್ಕಿ ಗಾರೆಯ ಕೆಲಸ. ಎರಡನ್ನೂ ಕಂಡ ಹಿರಿಯ ಇಂಜಿನಿಯರುಗಳಿಗೆ ಇಲ್ಲಿ ಅರ್ಧ ದಿನ ಸಾಲದು.

ಅಣೆಯ ಹಿಂದಿನ ಲೇಕ್ ಮೀಡ್ ಸುತ್ತ ಬಂಡೆಗಳಿಗೆ ಸುಣ್ಣ ಬಳಿದಂತೆ ಬಿಳಿ ಪಟ್ಟಿ ಕಾಣುತ್ತದೆ, ನೀರು ಇಳಿದದ್ದರ ಗುರುತು. 2022ರ ಜುಲೈಯಲ್ಲಿ ನೀರಿನ ಮಟ್ಟ ಸಮುದ್ರಮಟ್ಟದಿಂದ 1,040 ಅಡಿಗೆ ಬಂದಿತ್ತು, 1937ರಲ್ಲಿ ಕೆರೆ ತುಂಬುತ್ತಿದ್ದ ಕಾಲದ ನಂತರ ಅಷ್ಟು ಕೆಳಗಿಳಿದಿರಲಿಲ್ಲ. ವೇಗಸ್ ವಿರೋಧಿಗಳ ಬಲವಾದ ವಾದ ಹುಟ್ಟುವುದು ಇಲ್ಲೇ: ವರ್ಷಕ್ಕೆ ಹತ್ತು ಸೆಂಟಿಮೀಟರ್ ಮಳೆ ಬೀಳುವ ಜಾಗದಲ್ಲಿ ಕಾರಂಜಿಯೇ? ಕಾವೇರಿ ಹಂಚಿಕೆಯ ನೋವು ಬಲ್ಲ ನಮಗೆ ಈ ಪ್ರಶ್ನೆ ಹಗುರವಲ್ಲ. ಆದರೆ ಲೆಕ್ಕ ನೋಡಬೇಕು. ಕೊಲರಾಡೊ ನದಿಯ ನೀರು ಅಮೆರಿಕದ ಏಳು ರಾಜ್ಯಗಳಿಗೂ ಮೆಕ್ಸಿಕೊಗೂ ಹಂಚಿಕೆಯಾಗುತ್ತದೆ. ಅದರಲ್ಲಿ ನೆವಾಡಾದ ಪಾಲು ವರ್ಷಕ್ಕೆ ಮೂರು ಲಕ್ಷ ಎಕರೆ ಅಡಿ (ಒಂದು ಎಕರೆಯ ಮೇಲೆ ಒಂದಡಿ ನಿಲ್ಲುವ ನೀರು ಒಂದು ಎಕರೆ ಅಡಿ), ಒಟ್ಟು ಹಂಚಿಕೆಯ ನೂರಕ್ಕೆ ಎರಡಕ್ಕಿಂತ ಕಡಿಮೆ. ಹೋಟೆಲಿನ ಬಚ್ಚಲು, ಅಡುಗೆಮನೆಗಳಿಂದ ಹೋಗುವ ನೀರು ಬಹುತೇಕ ಪೂರ್ತಿ ಶುದ್ಧವಾಗಿ ಮತ್ತೆ ಲೇಕ್ ಮೀಡ್‌ಗೆ ಸೇರುತ್ತದೆ. ಬೆಲಾಜಿಯೊ ಕೆರೆಗೆ ಬರುವುದು ಆ ಜಾಗದ ಹಳೆಯ ಗಾಲ್ಫ್ ಮೈದಾನದ ಬಾವಿ ನೀರು. ಹಿಂತಿರುಗದ ನೀರು ಹೋಗುವುದು ಹುಲ್ಲುಹಾಸಿಗೆ ಮತ್ತು ತಂಪುಗೊಳಿಸುವ ಯಂತ್ರಗಳಿಗೆ. ಬರೀ ಅಂದಕ್ಕೆ ಬೆಳೆಸಿದ ಹುಲ್ಲಿಗೆ ನದಿ ನೀರು ಹಾಯಿಸುವುದನ್ನು ನಿಲ್ಲಿಸಲು 2021ರಲ್ಲೇ ಕಾನೂನು ಮಾಡಿದ್ದಾರೆ. ನೀರಿನ ಮಟ್ಟಿಗೆ ಈ ಊರನ್ನು ದೂರುವುದಕ್ಕಿಂತ ಇದರಿಂದ ಬೆಂಗಳೂರು ಕಲಿಯುವುದು ಹೆಚ್ಚಿದೆ ಎಂಬುದು ನಮ್ಮ ದೃಢ ಅನಿಸಿಕೆ.

ರಾತ್ರಿ ಕ್ಯಾಸಿನೊ. ನೋಡದೆ ಬರಬೇಕಿಲ್ಲ. ನಡುವಿನ ಕಾಲುದಾರಿಯಲ್ಲಿ ಮಕ್ಕಳೂ ಹಾದುಹೋಗಬಹುದು, ಆಟದ ಬಳಿ ನಿಲ್ಲುವಂತಿಲ್ಲ. ಆಡಲು 21 ವರ್ಷವಾಗಿರಬೇಕು. ನೆರೆತ ಕೂದಲಿದ್ದರೂ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ, ಭಾರತದ ಚಾಲನಾ ಪರವಾನಗಿ ನಡೆಯುತ್ತದೆಂದು ನಂಬಿಕೊಳ್ಳಬೇಡಿ.

ಆಡುವವರು ಮೊದಲು ಗಣಿತ ತಿಳಿಯಬೇಕು. ರೂಲೆಟ್ ಚಕ್ರದಲ್ಲಿ 1ರಿಂದ 36 ಅಂಕಿ, ಜೊತೆಗೆ ಸೊನ್ನೆ. ಗೆದ್ದ ಒಂದು ಅಂಕಿಗೆ 35 ಪಟ್ಟು ಕೊಡುತ್ತಾರೆ. ಒಂದೇ ಸೊನ್ನೆಯಿದ್ದರೆ ಮನೆಯ, ಅಂದರೆ ಕ್ಯಾಸಿನೊದ, ಲಾಭ ನೂರಕ್ಕೆ 2.70, ಎರಡಿದ್ದರೆ 5.26, ಮೂರಿದ್ದರೆ 7.69. ಸ್ಟ್ರಿಪ್‌ನ ಅಗ್ಗದ ಮೇಜುಗಳಲ್ಲಿ ಈಗ ಮೂರು ಸೊನ್ನೆಯ ಚಕ್ರಗಳೇ ಹೆಚ್ಚು. 15 ಡಾಲರಿನಂತೆ ಗಂಟೆಗೆ 40 ಸುತ್ತು ಆಡಿದರೆ 600 ಡಾಲರ್ ಪಣಕ್ಕೆ ಬೀಳುತ್ತದೆ. ಮೂರು ಸೊನ್ನೆಯಲ್ಲಿ ಸರಾಸರಿ 46 ಡಾಲರ್ ಹೋಯಿತು, ಒಂದು ಸೊನ್ನೆಯಲ್ಲಿ 16. ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟದ ಮೇಜಿನ ಬಟ್ಟೆಯ ಮೇಲೆ "3ಕ್ಕೆ 2" ಎಂದಿದೆಯೋ "6ಕ್ಕೆ 5" ಎಂದಿದೆಯೋ ಓದಿ. ಹತ್ತು ಡಾಲರ್ ಹಾಕಿ ಬ್ಲ್ಯಾಕ್‌ಜಾಕ್ (ಮೊದಲ ಎರಡು ಎಲೆಯಲ್ಲೇ 21) ಬಂದರೆ ಮೊದಲನೆಯದರಲ್ಲಿ 15, ಎರಡನೆಯದರಲ್ಲಿ 12. ಈ ಮೂರು ಡಾಲರಿನ ವ್ಯತ್ಯಾಸವೊಂದೇ ಮನೆಯ ಲಾಭವನ್ನು ನೂರಕ್ಕೆ ಸುಮಾರು 1.4ರಷ್ಟು ಏರಿಸುತ್ತದೆ. ಪೆನ್ನಿ ಸ್ಲಾಟ್ ಹೆಸರಿಗಷ್ಟೇ ಒಂದು ಸೆಂಟಿನದು. ಒಂದು ಗುಂಡಿ ಒತ್ತಿಗೆ ಐವತ್ತು ಸೆಂಟೋ ಹೆಚ್ಚೋ ಹೋಗುತ್ತದೆ, ಗಂಟೆಗೆ ಆರುನೂರು ಸಲ ಒತ್ತಬಹುದು. ಪುಕ್ಕಟೆ ಪಾನೀಯ ಬರುವುದು ಅದೇ ಗುಂಡಿಯ ದುಡ್ಡಿನಿಂದ, ತಂದುಕೊಟ್ಟವರಿಗೆ ಒಂದೆರಡು ಡಾಲರ್ ಟಿಪ್ಸ್ ಕೊಡುವುದು ರೂಢಿ.

ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಕಂಡವರಿಗೆ ಒಂದು ವ್ಯತ್ಯಾಸ ಹೇಳಬೇಕು. ಅಲ್ಲಿ ಒಳಹೋಗಲೇ ಟಿಕೆಟ್, ಇಲ್ಲಿ ಬಾಗಿಲೇ ಇಲ್ಲ. ಅದಕ್ಕೇ ಮಿತಿಯನ್ನು ನೀವೇ ಹಾಕಿಕೊಳ್ಳಬೇಕು. 40 ಡಾಲರ್ ನಗದು ಜೇಬಿಗೆ, ಕಾರ್ಡು ಕೋಣೆಯ ತಿಜೋರಿಗೆ. ಒಳಗಿನ ಎಟಿಎಂ ಶುಲ್ಕವೇ ಹತ್ತು ಡಾಲರಿನ ಆಚೀಚೆ. ಅಪ್ಪಿತಪ್ಪಿ ಸ್ಲಾಟ್‌ನಲ್ಲಿ ದೊಡ್ಡ ಮೊತ್ತ ಬಂದರೆ, ತೆರಿಗೆ ಲೆಕ್ಕಕ್ಕೆ ಅನಿವಾಸಿಗಳಾದವರಿಂದ ನೂರಕ್ಕೆ 30 ಅಲ್ಲೇ ಹಿಡಿಯುತ್ತಾರೆ. ಬ್ಲ್ಯಾಕ್‌ಜಾಕ್, ರೂಲೆಟ್, ಕ್ರ್ಯಾಪ್ಸ್, ಬ್ಯಾಕರಾ ಗೆಲುವಿಗೆ ಆ ಕಡಿತವಿಲ್ಲ.

ವೀಸಾದ ಮೇಲಿರುವ ಹುಡುಗ ಹುಡುಗಿಯರಿಗೆ ಒಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಗಾಂಜಾ ಅಂಗಡಿಗಳು ನೆವಾಡಾದಲ್ಲಿ 2017ರಿಂದ ಕಾನೂನುಬದ್ಧ. ಫೆಡರಲ್ ಕಾನೂನಿನಲ್ಲಿ ಅದು ಇನ್ನೂ ಅಪರಾಧ, ವಲಸೆಯ ವಿಚಾರ ನೋಡುವುದು ಫೆಡರಲ್ ಕಾನೂನೇ. ಎಫ್-1, ಎಚ್-1ಬಿ, ಗ್ರೀನ್ ಕಾರ್ಡ್ ಯಾವುದಿದ್ದರೂ ಸೇದಿದ್ದೇನೆಂದು ಒಪ್ಪಿಕೊಂಡರೆ ಮುಂದೆ ತೊಂದರೆಯಾಗಬಹುದು. ಹಾಗೆಯೇ, ನೆವಾಡಾದ ಕೆಲವು ಕೌಂಟಿಗಳಲ್ಲಿ ವೇಶ್ಯಾವಾಟಿಕೆಗೆ ಅನುಮತಿಯಿದೆ ಎಂಬ ಮಾತು ಕೇಳಿ ಮೋಸಹೋಗಬೇಡಿ, ವೇಗಸ್ ಇರುವ ಕ್ಲಾರ್ಕ್ ಕೌಂಟಿಯಲ್ಲಿ ಅದು ಅಪರಾಧ.

ಉಳಿದ ಹೊತ್ತಿಗೆ ಸ್ಫಿಯರ್ ಎಂಬ ರಂಗಮಂದಿರ. 366 ಅಡಿ ಎತ್ತರ, 516 ಅಡಿ ಅಗಲದ ಗೋಳ, 2023ರ ಸೆಪ್ಟೆಂಬರ್ 29ರಂದು ತೆರೆಯಿತು. ಹೊರಮೈಯ ದೀಪಚಿತ್ರ ಪುಕ್ಕಟೆ, ದೂರದಿಂದಲೇ ಚೆನ್ನ. ಒಳಗಿನ ಟಿಕೆಟ್ ನೂರು ಡಾಲರಿನ ಆಚೀಚೆ. ತಲೆಸುತ್ತು ಇರುವವರಿಗೆ ಕಡಿದಾದ ಮೇಲಿನ ಆಸನಗಳು ಬೇಡ.

ಶುಕ್ರವಾರ

"ಗ್ರ್ಯಾಂಡ್ ಕ್ಯಾನ್ಯನ್ ಒಂದೇ ದಿನದಲ್ಲಿ ಮಾಡಿ ಬರಬಹುದು" ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಸೌತ್ ರಿಮ್ (ಕಣಿವೆಯ ದಕ್ಷಿಣ ಅಂಚು) 280 ಮೈಲಿ, ಒಂದು ಕಡೆಗೇ ನಾಲ್ಕೂವರೆ ಗಂಟೆ. ಒಂಬತ್ತು ಗಂಟೆ ಕೂತು ಎರಡು ಗಂಟೆ ನೋಡುವುದು ಹಿರಿಯರಿಗೆ ಶಿಕ್ಷೆ. ಅದಕ್ಕೆ ಬೇರೆ ಪ್ರವಾಸವೇ ಇರಲಿ, ಅಲ್ಲೊಂದು ರಾತ್ರಿ ಮಲಗಿ ಸೂರ್ಯೋದಯ ನೋಡಿ. ಎರಡು ಗಂಟೆಗೆ ಸಿಗುವ ವೆಸ್ಟ್ ರಿಮ್, ಗಾಜಿನ ಸ್ಕೈವಾಕ್ ಇರುವ ಜಾಗ, ಹುವಾಲಪೈ ಬುಡಕಟ್ಟಿನ ನೆಲ. ರಾಷ್ಟ್ರೀಯ ಉದ್ಯಾನದ ಪಾಸ್ ಅಲ್ಲಿ ನಡೆಯುವುದಿಲ್ಲ. ಸೌತ್ ರಿಮ್‌ಗೆ ಹೋಗುವ ಅಪ್ಪ ಅಮ್ಮಂದಿರಿಗೆ ಇನ್ನೊಂದು ಲೆಕ್ಕವಿದೆ: 2026ರ ಜನವರಿ 1ರಿಂದ ಗ್ರ್ಯಾಂಡ್ ಕ್ಯಾನ್ಯನ್, ಜಯಾನ್ ಸೇರಿ 11 ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ತುಂಬಿದವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ.

ಶುಕ್ರವಾರ ಬೆಳಗ್ಗೆಗೆ ವ್ಯಾಲಿ ಆಫ್ ಫೈರ್ ಸರಿಯಾದ ಅಳತೆ. ಈಶಾನ್ಯಕ್ಕೆ ಒಂದು ಗಂಟೆ, ಹೊರರಾಜ್ಯದ ಕಾರಿಗೆ 15 ಡಾಲರ್. ಇದು ರಾಜ್ಯದ ಉದ್ಯಾನವಾದ್ದರಿಂದ ಆ ನೂರು ಡಾಲರ್ ಇಲ್ಲಿಗೆ ಅನ್ವಯಿಸುವುದಿಲ್ಲ. ಕಾರಿನಿಂದ ಹೆಚ್ಚು ಇಳಿಯದೆಯೂ ನೋಡಬಹುದಾದ ಉರಿಗೆಂಪು ಬಂಡೆಗಳು, ಮೌಸ್ ಟ್ಯಾಂಕ್ ಹಾದಿಯಲ್ಲಿ ಕಲ್ಲಿನ ಮೇಲೆ ಪ್ರಾಚೀನರು ಕೊರೆದ ಚಿತ್ರಗಳು. ಅವನ್ನು ಕೈಯಿಂದ ಮುಟ್ಟಬೇಡಿ. ಬೇಸಿಗೆಯಲ್ಲಿ ಹಲವು ಕಾಲುಹಾದಿ ಮುಚ್ಚಿರುತ್ತವೆ.

ಮಧ್ಯಾಹ್ನ ಎರಡರೊಳಗೆ ಊರು ಬಿಡಿ. ಲಾಸ್ ಏಂಜಲೀಸ್ ಕಡೆಗೆ ಐ-15 ಹೆದ್ದಾರಿಯಲ್ಲಿ 270 ಮೈಲಿ, ನಾಲ್ಕು, ನಾಲ್ಕೂವರೆ ಗಂಟೆ. ಭಾನುವಾರ ಮಧ್ಯಾಹ್ನ ಹೊರಟವರಿಗೆ ಇದೇ ದಾರಿ ಏಳು, ಎಂಟು ಗಂಟೆಯಾಗುತ್ತದೆ, ಕ್ಯಾಲಿಫೋರ್ನಿಯಾ ಗಡಿಯಲ್ಲಿ ಪಥಗಳು ಕಡಿಮೆಯಾಗಿ ಸಾಲು ಕಟ್ಟುವುದರಿಂದ. ಪೆಟ್ರೋಲನ್ನು ವೇಗಸ್‌ನಲ್ಲೇ ತುಂಬಿಸಿ, ಗಡಿ ದಾಟಿದರೆ ತುಟ್ಟಿ. ಬೇಕರ್ ಎಂಬ ಸಣ್ಣ ಊರಲ್ಲಿ 134 ಅಡಿ ಎತ್ತರದ ತಾಪಮಾಪಕ ಕಾಣುತ್ತದೆ. ಹತ್ತಿರದ ಡೆತ್ ವ್ಯಾಲಿಯಲ್ಲಿ 1913ರಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್‌ನ ನೆನಪಿಗೆ ಅಷ್ಟು ಎತ್ತರ. ಅಲ್ಲಿ ನಿಂತು ಕಾಲು ಚಾಚಿ, ಹಿರಿಯರಿಗೆ ನೀರು ಕುಡಿಸಿ ಮುಂದುವರಿಯಿರಿ. ಎದುರಿನ ಪಥದಲ್ಲಿ ವಾರಾಂತ್ಯದ ಕಾರುಗಳು ಆಗಲೇ ಸಾಲುಗಟ್ಟಿ ವೇಗಸ್ ಕಡೆ ಬರುತ್ತಿರುತ್ತವೆ.